ಎಲೆಬಳ್ಳಿಯನ್ನು ಮುಟ್ಟಿದವರು

ನಮ್ಮ ಅತ್ತೆಯವರಿಗೆ ಗಿಡದ ಕಾಯಿಲೆ ತಿಳಿಯಲು ಎಲೆ ನೋಡುವ ಅಗತ್ಯವೇ ಇರಲಿಲ್ಲ. ಮನೆಯ ಹೆಂಗಸರ ಮುಖ ನೋಡಿದರೆ ಸಾಕಿತ್ತು. ಗಲ್ಫಿನಲ್ಲಿ, ಅಲ್ ನಹ್ದಾದ ನಮ್ಮ ಫ್ಲ್ಯಾಟಿನ ಹಾಲ್‌ನಲ್ಲಿ, ಕಿಟಕಿಯ ಪಕ್ಕದ ಕುಂಡದಲ್ಲಿದ್ದ ವೀಳ್ಯದೆಲೆಯ ಬಳ್ಳಿ ಮೊದಲ ಸಲ ಮುರುಟಿಕೊಂಡಾಗ ಅವರು ಬಳ್ಳಿಗೆ ಬೆನ್ನು ಹಾಕಿ ನಿಂತು ನನ್ನನ್ನೇ ನೋಡುತ್ತಾ ಕೇಳಿದರು.

"ಮುಟ್ಟಿದ್ದೀಯಲ್ಲಾ?"

ಮುಟ್ಟಾದ ಹೆಂಗಸು ಎಲೆಬಳ್ಳಿಯ ಹತ್ತಿರ ಹೋದರೆ ಬಳ್ಳಿ ಬಾಡಿಹೋಗುತ್ತದೆ ಎಂಬುದು ನಮ್ಮ ಉಡುಪಿ ಕಡೆಯ ಹಳೆಯ ನಂಬಿಕೆ. ನಾನು ಹತ್ತಿರ ಹೋಗಿರಲಿಲ್ಲ. ಹೋಗಲು ಬಿಟ್ಟಿದ್ದರೆ ತಾನೇ? ಅವರು ವಿಸಿಟ್ ವೀಸಾದಲ್ಲಿ ಬರುವ ತನಕ ನಮ್ಮ ಮನೆಯಲ್ಲಿ ಆ ದಿನಗಳ ಲೆಕ್ಕ ಇಟ್ಟವರೇ ಇಲ್ಲ. ಅವರು ಬಂದ ಮೇಲೆ ನನಗೊಂದು ಪ್ಲಾಸ್ಟಿಕ್ ಕುರ್ಚಿ, ಒಂದು ಬೇರೆ ತಟ್ಟೆ ನಿಗದಿಯಾಯಿತು. ಫ್ರಿಜ್ಜಿನ ಬಾಗಿಲು ಮುಟ್ಟುವಂತಿರಲಿಲ್ಲ. ಹಗಲಿಡೀ ಮಿರ್ದಿಫ್‌ನ ಕ್ಲಿನಿಕ್ಕಿನ ರಿಸೆಪ್ಶನ್ನಿನಲ್ಲಿ ಕೂತು ಊರವರ ಕೆಮ್ಮು, ಜ್ವರ, ಇನ್ಶೂರೆನ್ಸ್ ಕಾರ್ಡುಗಳನ್ನೆಲ್ಲ ಮುಟ್ಟಿ ಬರುವವಳಿಗೆ ಸ್ವಂತ ಮನೆಯ ನೀರಿನ ಬಾಟಲಿ ಮುಟ್ಟಲಿಕ್ಕಿಲ್ಲ. ಗಂಡ ಹೇಳಿದ್ದು ಇಷ್ಟೇ: "ಅಮ್ಮ ಇರುವಷ್ಟು ದಿನ ಸ್ವಲ್ಪ ಅಡ್ಜಸ್ಟ್ ಮಾಡು ಮಾರಾಯ್ತಿ." ಅಡ್ಜಸ್ಟ್ ಎಂಬ ಪದವನ್ನು ಗಂಡಸರು ತಮಗಾಗಿ ಬಳಸಿದ್ದನ್ನು ನಾನು ಈವರೆಗೆ ಕೇಳಿಲ್ಲ. ಆ ಮೂರು ದಿನ ಅಡುಗೆ ಅತ್ತೆಯದು. ಬಳ್ಳಿಗೆ ನೀರು ಹಾಕುವುದೂ ಅವರೇ.

ನಿಜ ಹೇಳಬೇಕೆಂದರೆ ಆ ಬಳ್ಳಿ ನನ್ನ ಮಗಳದು. ಶಾರ್ಜಾದ ಒಂದು ನರ್ಸರಿಯಲ್ಲಿ ಸಣ್ಣ ಕಡ್ಡಿಯಂತಿದ್ದದ್ದನ್ನು ಹಠ ಮಾಡಿ ಕೊಂಡು ತಂದವಳು ಅವಳು. ದಾರ ಕಟ್ಟಿ ಕರ್ಟನ್ನಿನ ಕಂಬಿಯ ತನಕ ಹತ್ತಿಸಿದ್ದಳು. ಹೊಸ ಎಲೆ ಬಿಚ್ಚಿದಾಗಲೆಲ್ಲ ಫೋಟೋ ತೆಗೆದು ನನ್ನ ಫೋನಿಗೆ ಕಳಿಸುತ್ತಿದ್ದಳು. ಸಂಜೆ ನಾವಿಬ್ಬರಲ್ಲಿ ಯಾರಾದರೂ ಒಬ್ಬರು ಸಣ್ಣ ಬಕೆಟ್ಟಿನಲ್ಲಿ ನೀರು ಹಿಡಿದು ಹಾಲ್‌ನ ಮೂಲೆಯಲ್ಲಿ ಇಡುವುದು, ಬೆಳಿಗ್ಗೆ ಶಾಲೆಯ ಬಸ್ಸಿಗೆ ಮೊದಲು ಅವಳು ಅದನ್ನು ಮಗ್ಗಿನಲ್ಲಿ ಮೊಗೆದು ಹಾಕುವುದು. ಅತ್ತೆ ಬಂದಾಗ ಅವರ ಎಲೆಅಡಿಕೆಗೆ ಅದೇ ಬಳ್ಳಿಯ ಎಲೆ. "ನಮ್ಮ ಊರಿನ ಎಲೆಗಿಂತ ಒಳ್ಳೇದುಂಟು," ಎಂದು ಮೊಮ್ಮಗಳನ್ನು ಹೊಗಳಿದ್ದರು. ಹುಡುಗಿ ಉಬ್ಬಿಹೋಗಿದ್ದಳು.

ಮುರುಟಿದ ಎಲೆಯ ಕಾರಣ ಕಂಡುಹಿಡಿಯಲು ನಾನು ಹೊರಟದ್ದು ಬಳ್ಳಿಯ ಮೇಲಿನ ಪ್ರೀತಿಯಿಂದಲ್ಲ, ಸಿಟ್ಟಿನಿಂದ. ಕುಂಡ ಎತ್ತಿ ನೋಡಿದೆ, ಭಾರವಿತ್ತು. ಮಣ್ಣಿಗೆ ಬೆರಳು ತೂರಿಸಿದೆ, ಒಳಗೂ ಒದ್ದೆ. ಒದ್ದೆ ಮಣ್ಣಿನಲ್ಲಿ ನಿಂತ ಬಳ್ಳಿ ನೀರೇ ಕಾಣದ ಹಾಗೆ ಜೋತುಬಿದ್ದಿತ್ತು. ಎಲೆಯ ಅಡಿಭಾಗಕ್ಕೆ ಫೋನಿನ ಟಾರ್ಚ್ ಹಿಡಿದು ನೋಡಿದೆ, ಹುಳವಿಲ್ಲ, ಬಲೆಯಿಲ್ಲ. ಎಸಿಯ ಗಾಳಿ ಇರಬೇಕು ಎಂದರು ಗಂಡ. ಕುಂಡವನ್ನು ಆಚೆ ಸರಿಸಿದೆ. ಕೆಲವು ವಾರಗಳಲ್ಲಿ ಸ್ವಲ್ಪ ಚೇತರಿಸಿಕೊಂಡಿತು. ಮರು ತಿಂಗಳು ನಾನು ಕುರ್ಚಿಗೆ ಹೋದೆ, ಅದು ಮತ್ತೆ ಮುರುಟಿತು. ಅತ್ತೆ ಒಮ್ಮೆ ಬಳ್ಳಿಯನ್ನು, ಒಮ್ಮೆ ನನ್ನ ಕುರ್ಚಿಯನ್ನು ನೋಡಿದರು. ಬಾಯಿ ಬಿಟ್ಟು ಹೇಳಿದ್ದರೆ ಜಗಳವಾದರೂ ಆಡಬಹುದಿತ್ತು.

ಆಮೇಲೆ ಇಂಟರ್ನೆಟ್ಟಿನಲ್ಲಿ ಹುಡುಕಿದೆ. ಮನೆಯೊಳಗಿನ ಗಿಡದ ಎಲೆ ಯಾಕೆ ಮುರುಟುತ್ತದೆ ಎಂದು ಕೇಳಿದರೆ ಅತ್ಯಂತ ಶ್ರದ್ಧೆಯಿಂದ ಉತ್ತರ ಬರೆದವರು ಯಾರು ಗೊತ್ತೇ? ಯಾವುದೋ ದೇಶಗಳಲ್ಲಿ ಕೋಣೆಯೊಳಗೆ ದೀಪ ಹಚ್ಚಿ ಗಾಂಜಾ ಬೆಳೆಯುವವರು. ಮಗುವಿನ ನಾಲಿಗೆ ನೋಡುವ ತಾಯಂದಿರ ಹಾಗೆ ಅವರು ಎಲೆ ನೋಡುತ್ತಾರೆ. ಅಂಚು ಮೇಲಕ್ಕೆ ಮಡಚಿದರೆ ಸೆಕೆ, ಒಣ ಗಾಳಿ. ತುದಿ ಉಗುರಿನಂತೆ ಕೆಳಗೆ ಬಾಗಿ ಎಲೆ ದಪ್ಪಗಾದರೆ ನೀರು ಹೆಚ್ಚಾಗಿದೆ. ಮಣ್ಣು ಒದ್ದೆಯಿದ್ದೂ ಎಲೆ ಜೋತುಬಿದ್ದರೆ ಬೇರು ಕುಡಿಯುವುದನ್ನು ನಿಲ್ಲಿಸಿದೆ. ಎಲೆ ನೋಡುವುದು ಬಿಡಿ, ಬೇರು ನೋಡಿ, ನೀವು ಹಾಕುವ ನೀರು ಎಂಥದ್ದೆಂದು ನೋಡಿ. ಇಷ್ಟು ಓದುವಷ್ಟರಲ್ಲಿ ಹಿಂದಿನಿಂದ ಗಂಡ ಇಣುಕಿದರು. ಪರದೆಯ ಮೇಲೆ ಆ ಗಿಡದ ಚಿತ್ರವಿತ್ತು.

"ನಿಂಗೆ ತಲೆ ಸರಿ ಉಂಟಾ? ಯಾವ ದೇಶದಲ್ಲಿ ಇದ್ದೇವೆ ಗೊತ್ತುಂಟಾ? ಸೀದಾ ಜೈಲು, ಮತ್ತೆ ಡಿಪೋರ್ಟ್!"

"ಎಲೆ ಯಾಕೆ ಮುರುಟ್ತದೆ ಅಂತ ನೋಡ್ತಾ ಇದ್ದೇನೆ."

"ಎಲೆ ಹಾಳಾಗಿ ಹೋಗ್ಲಿ. ಮೊದ್ಲು ಕ್ಲೋಸ್ ಮಾಡು. ಹಿಸ್ಟರಿ ಡಿಲೀಟ್ ಮಾಡು, ಯಲ್ಲಾ, ಬೇಗ!"

ಅವರಿಗೂ ಅಷ್ಟು ದೊಡ್ಡ ದನಿ ಇದೆಯೆಂದು ನನಗೆ ಅಂದೇ ಗೊತ್ತಾದದ್ದು. ಹೆಂಡತಿಯನ್ನು ಮೂಲೆಯ ಕುರ್ಚಿಯಲ್ಲಿ ಕೂರಿಸಿದಾಗ ಆ ದನಿ ಎಲ್ಲಿಗೆ ಹೋಗಿತ್ತೋ. ನಾನು ಹಿಸ್ಟರಿ ಡಿಲೀಟ್ ಮಾಡಿ ಹೋಗಿ ಮಲಗಿದೆ.

ಶಾಲೆಗೆ ಬೇಸಿಗೆ ರಜೆ ಸಿಕ್ಕಿದ ಹೊಸದರಲ್ಲಿ ಮಗಳು ದೊಡ್ಡವಳಾದಳು. ಅಜ್ಜಿಗೆ ಸಂಭ್ರಮವೋ ಸಂಭ್ರಮ. ಹೊಸ ಬಟ್ಟೆ ತರಿಸಿದರು, ತೆಂಗಿನಕಾಯಿ ಬೆಲ್ಲ ಹಾಕಿ ಸಿಹಿ ಮಾಡಿದರು, ತಲೆಗೆ ಎಣ್ಣೆ ಹಚ್ಚಿದರು. ಎಣ್ಣೆ ಹಚ್ಚುತ್ತಲೇ ಹೇಳಿದರು, "ಇನ್ನು ಈ ದಿನಗಳಲ್ಲಿ ಎಲೆಬಳ್ಳಿ ಹತ್ರ ಹೋಗ್ಲಿಕ್ಕಿಲ್ಲ ಆಯ್ತಾ ಮಗಾ? ನೀನು ಮುಟ್ಟಿದ್ರೆ ಅದು ಸಾಯ್ತದೆ."

"ದಟ್ಸ್ ಸೋ ಸಿಲ್ಲಿ, ಅಜ್ಜಿ," ಎಂದು ಮಗಳು ನಕ್ಕಳು. ನನಗೆ ಒಳಗೊಳಗೇ ಖುಷಿಯಾಯಿತು. ನನ್ನಿಂದ ಆಗದ್ದು ಇವಳಿಂದ ಆಗುತ್ತದೆ ಎಂದುಕೊಂಡೆ.

ಮರುದಿನ ಕ್ಲಿನಿಕ್ಕಿನಿಂದ ಬಂದಾಗ ಅವಳು ಮುಸುಕು ಹಾಕಿ ಮಲಗಿದ್ದಳು. ಬಳ್ಳಿಯ ಎಲೆಗಳೆಲ್ಲ ಅಂಚು ಸುತ್ತಿಕೊಂಡು ಕೆಳಗೆ ನೇತಾಡುತ್ತಿದ್ದವು. ಹೊಸ ಕುಡಿ ಕಪ್ಪಾಗಿತ್ತು. ಮುಸುಕು ಎಳೆದು ಏನಾಯಿತೆಂದು ಕೇಳಿದೆ.

"ಐ ಟೆಸ್ಟೆಡ್ ಇಟ್, ಅಮ್ಮಾ. ನಿನ್ನೆ ಅಜ್ಜಿ ನೋಡದೆ ಇರುವಾಗ ಮುಟ್ಟಿದೆ. ಎಲ್ಲ ಎಲೆ ಮುಟ್ಟಿದೆ. ಅಂಡ್ ನೌ ಲುಕ್."

"ಹಾಗೆಲ್ಲ ಇಲ್ಲ ಮಗಾ..."

"ಐ ಡಿಡ್ ಆನ್ ಎಕ್ಸ್‌ಪೆರಿಮೆಂಟ್! ಅಜ್ಜಿ ಈಸ್ ರೈಟ್."

ಬಾಯಿಮಾತಿನಲ್ಲಿ ನಂಬಿದ್ದರೆ ಬಾಯಿಮಾತಿನಲ್ಲೇ ಬಿಡಿಸಬಹುದಿತ್ತು. ಇವಳು ಪರೀಕ್ಷೆ ಮಾಡಿ, ಕಣ್ಣಾರೆ ಕಂಡು ನಂಬಿದ್ದಳು. ಬಳ್ಳಿ ಬದುಕುವುದೋ ಸಾಯುವುದೋ ಎಂಬ ಚಿಂತೆ ನನಗೆ ಅಲ್ಲಿಗೆ ಮುಗಿಯಿತು. ತನ್ನ ಕೈಯೇ ವಿಷವೆಂದು ತಿಳಿದುಕೊಂಡು ಈ ಹುಡುಗಿ ಬೆಳೆಯುತ್ತಾಳೆಯೇ ಎಂಬುದೊಂದೇ ಉಳಿಯಿತು.

ಹಾಕುವ ನೀರು ನೋಡಿ ಎಂದು ಓದಿದ್ದು ನೆನಪಾಗಿ, ಅದರ ಮಾರನೆಯ ದಿನ ಅರ್ಧ ದಿನ ರಜೆ ಹಾಕಿ ಮಧ್ಯಾಹ್ನವೇ ಮನೆಗೆ ಬಂದೆ. ಅತ್ತೆ ಸ್ನಾನ ಮುಗಿಸಿ, ಹಿಂದಿನ ಸಂಜೆ ಮಗಳು ಹಿಡಿದಿಟ್ಟ ಬಕೆಟ್ಟಿನ ನೀರನ್ನೆಲ್ಲ ಬಾತ್‌ರೂಮಿಗೆ ಚೆಲ್ಲುತ್ತಿದ್ದರು. ಆಮೇಲೆ ಪ್ಲಾಸ್ಟಿಕ್ ಮಗ್ಗು ಹಿಡಿದು ಅಡುಗೆಮನೆಯ ನಲ್ಲಿಯತ್ತ ನಡೆದರು.

"ಅತ್ತೆ, ಆ ನೀರು ಯಾಕೆ ಚೆಲ್ಲಿದ್ರಿ?"

"ಅದು ಮುಟ್ಟಾದವಳು ಹಿಡಿದ ನೀರಲ್ವಾ? ಮೈಲಿಗೆ ನೀರು ಬಳ್ಳಿಗೆ ಹಾಕ್ಲಿಕ್ಕುಂಟಾ? ನೀನು ಹೊರಗಿದ್ದಾಗಲೂ ನಾನು ಹೀಗೇ ಹೊಸ ನೀರು ಹಿಡಿಯುವುದು."

ನಲ್ಲಿಯಿಂದ ಮಗ್ಗು ತುಂಬಿದ್ದೇ ಅದನ್ನು ಅವರ ಕೈಯಿಂದ ಕಿತ್ತುಕೊಂಡು ಬೆರಳು ಅದ್ದಿದೆ. ಅದ್ದಿದ ಹಾಗೆಯೇ ಹೊರಗೆಳೆದೆ. ಇಲ್ಲಿ ಬೇಸಿಗೆ ಕಳೆದವರಿಗೆಲ್ಲ ಗೊತ್ತಿರುವ ವಿಷಯ: ಟ್ಯಾಂಕು ಟೆರೇಸಿನ ಮೇಲೆ, ಬಿಸಿಲು ಟ್ಯಾಂಕಿನ ಮೇಲೆ. ಮಧ್ಯಾಹ್ನ ತಣ್ಣೀರಿನ ನಲ್ಲಿ ತಿರುಗಿಸಿದರೆ ಚಹಾಕ್ಕೆ ಇಟ್ಟಂಥ ನೀರು. ಅದಕ್ಕೇ ನಾವು ಮೇ ತಿಂಗಳಿಗೆ ಹೀಟರ್ ಆಫ್ ಮಾಡಿ, ಅದರೊಳಗೆ ನಿಂತು ಆರಿದ ನೀರನ್ನು ಬಿಸಿನೀರಿನ ನಲ್ಲಿಯಿಂದ ಹಿಡಿಯುವುದು. ಅದಕ್ಕೇ ಸಂಜೆಯಿಂದ ಬಕೆಟ್ಟನ್ನು ಎಸಿಯಲ್ಲಿ ಇಡುವುದು.

"ಸ್ವಲ್ಪ ಬೆಚ್ಚಗಿರ್ತದೆ," ಎಂದರು ಅತ್ತೆ. "ಈ ಎಸಿ ಚಳಿಗೆ ಬಳ್ಳಿಗೂ ಒಳ್ಳೇದೇ ಅಲ್ವಾ?"

ಮಗಳನ್ನು ಕರೆದು ಅವಳ ಬೆರಳನ್ನೂ ಮಗ್ಗಿಗೆ ಮುಟ್ಟಿಸಿದೆ. ಅವಳು ಚೀರಿದಳು. ಕುಂಡವನ್ನು ಅಲ್ಲೇ ಹಾಲ್‌ನಲ್ಲಿ ಬೋರಲು ಮಾಡಿದೆ. ಬೇರು ಪೂರ್ತಿ ಕಂದು ಬಣ್ಣಕ್ಕೆ ತಿರುಗಿ, ಹಿಡಿದರೆ ಸಿಪ್ಪೆ ಜಾರುವಷ್ಟು ಮೆತ್ತಗಾಗಿತ್ತು, ಕೊಳೆತ ವಾಸನೆ. ಅಂಚಿನಲ್ಲಿ ಮಾತ್ರ ಅಲ್ಲೊಂದು ಇಲ್ಲೊಂದು ಬಿಳಿ ಎಳೆ ಉಳಿದಿತ್ತು. "ನೋಡು," ಎಂದೆ ಮಗಳಿಗೆ, "ನಿನ್ನ ಕೈ ಏನೂ ಮಾಡಿಲ್ಲ. ಬೇಯಿಸಿ ಕೊಂದದ್ದು ಇದು." ನನ್ನ ದನಿ ಕೆಳಗಿನ ಮನೆಗೂ ಕೇಳಿಸಿರಬೇಕು.

ಅತ್ತೆ ಬಗ್ಗಿ ಬೇರುಗಳನ್ನು ಮುಟ್ಟಿ ನೋಡಿದರು. "ಅಯ್ಯೋ ದೇವ್ರೇ, ನಂಗೆ ಎಂತ ಗೊತ್ತು," ಎಂದರು. ಅಷ್ಟಕ್ಕೇ ನಿಲ್ಲಿಸಿದ್ದರೆ ನಾನು ಅವರನ್ನು ಕ್ಷಮಿಸುತ್ತಿದ್ದೆ. ಕೈ ತೊಳೆದುಕೊಂಡು ಬಂದು ಮತ್ತೆ ಹೇಳಿದರು, "ಬಿಸಿನೀರೂ ಒಂದು ಕಾರಣ ಇರಬಹುದು. ಆದ್ರೆ ಇವಳು ಮುಟ್ಟಿದ್ದಂತೂ ಹೌದಲ್ಲಾ?"

ಸಂಜೆ ಗಂಡನಿಗೆ ಎಲ್ಲವನ್ನೂ ಹೇಳಿದೆ. ಅಮ್ಮನಿಗೆ ಒಂದು ಮಾತು ಹೇಳಿ, ಮಗಳ ಎದುರಿಗೇ ಹೇಳಿ ಎಂದು ಬೇಡಿಕೊಂಡೆ. "ಕಾರಣ ಗೊತ್ತಾಯ್ತಲ್ಲಾ, ಖಲಾಸ್," ಎಂದರು ಅವರು. "ಇನ್ನು ಅದನ್ನೇ ಎಳೀಬೇಡ." ಅಂದು ನನಗೆ ಅವರ ಮೇಲೆ ಬಂದ ಅಸಹ್ಯ ಇವತ್ತಿಗೂ ಪೂರ್ತಿ ಹೋಗಿಲ್ಲ.

ವೀಸಾ ಮುಗಿದು ಅತ್ತೆ ಊರಿಗೆ ಹೋದರು. ಹೋಗುವಾಗ ಮೊಮ್ಮಗಳನ್ನು ತಬ್ಬಿ ಅತ್ತರು, ಅದೂ ಸುಳ್ಳಲ್ಲ. ಕೊಳೆತ ಬೇರು ಕತ್ತರಿಸಿ, ಉಳಿದ ಗೆಣ್ಣನ್ನು ಹೊಸ ಮಣ್ಣಿಗೆ ಹಾಕಿದೆ. ಸೆಕೆ ಇಳಿದು ಕಿಟಕಿ ತೆರೆಯುವ ಕಾಲ ಬರುವಷ್ಟರಲ್ಲಿ ಬಳ್ಳಿ ಮತ್ತೆ ದಾರ ಹಿಡಿಯಿತು. ಗೆಳತಿಯರು ಬಂದರೆ ಮಗಳೇ ನಗುತ್ತಾ ಕಥೆ ಹೇಳುತ್ತಿದ್ದಳು: "ಮೈ ಗ್ರ್ಯಾಂಡ್‌ಮಾ ಬಾಯ್ಲ್ಡ್ ಅವರ್ ಪ್ಲಾಂಟ್!" ಟ್ಯಾಂಕು, ಬಿಸಿಲು, ಬೇರು ಎಲ್ಲವನ್ನೂ ಒಂದಕ್ಷರ ತಪ್ಪದೆ ವಿವರಿಸುತ್ತಿದ್ದಳು. ನಾನು ಗೆದ್ದೆ ಎಂದುಕೊಂಡಿದ್ದೆ.

ಮೊನ್ನೆ ಬೆಳಿಗ್ಗೆ ಕ್ಲಿನಿಕ್ಕಿಗೆ ಹೊರಡುವ ಗಡಿಬಿಡಿಯಲ್ಲಿ ಬಳ್ಳಿಗೆ ನೀರು ಹಾಕು ಮಗಾ ಎಂದೆ. ಅವಳು ಮಗ್ಗಿನಲ್ಲಿ ನೀರು ಮೊಗೆದು ಕಿಟಕಿಯತ್ತ ಹೋದವಳು ದೂರದಲ್ಲೇ ನಿಂತಳು.

"ಇವತ್ತು ನೀನೇ ಹಾಕಮ್ಮಾ."

ಯಾಕೆಂದು ಕೇಳಲು ಬಾಯಿ ತೆರೆದವಳಿಗೆ ಅವಳ ಮುಖ ನೋಡಿ ಅರ್ಥವಾಯಿತು. "ಅದು ಬಿಸಿನೀರಿಂದ ಆದದ್ದು. ನಿಂಗೇ ಗೊತ್ತಲ್ಲಾ?"

"ಗೊತ್ತು," ಎಂದಳು. "ಬಟ್ ವೈ ಟೇಕ್ ಎ ಚಾನ್ಸ್?"

ಮಗ್ಗನ್ನು ಮೇಜಿನ ಮೇಲೆ ಇಟ್ಟಳು. ಬಳ್ಳಿಗೆ ತಾಗದಂತೆ ಫ್ರಾಕನ್ನು ಒತ್ತಿ ಹಿಡಿದುಕೊಂಡು ಕೋಣೆಗೆ ಹೋದಳು.