ಕೆಂಪಿ ನೋಡಿದ ಕಡೆ

ಸತ್ತವರು ಬಂದು ಹೋಗುತ್ತಾರೆಂದು ಯಾರಾದರೂ ಹೇಳಿದರೆ ಕಾಫಿ ಲೋಟದ ಮರೆಯಲ್ಲಿ ನಗುತ್ತಿದ್ದವನು ನಾನು. ಈಗ ನಗುವುದಿಲ್ಲ. ಹಾಗಾದರೆ ನಂಬುತ್ತೀರಾ ಎಂದು ಕೇಳಿದರೆ, ನಡೆದದ್ದನ್ನು ನಡೆದಂತೆ ಹೇಳುತ್ತೇನೆ, ಅಷ್ಟೆ.

ಚಾಮರಾಜಪೇಟೆಯ ನಮ್ಮ ಮನೆಯ ಹಿತ್ತಲಲ್ಲಿ ಅಮ್ಮ ಕೆಂಪಿ ಎಂಬ ಹಸು ಸಾಕಿದ್ದಳು. ಅದರ ಹಾಲು ಕರೆಯುತ್ತಿದ್ದವಳು ಅವಳೊಬ್ಬಳೇ. ಬ್ಯಾಂಕ್ ಗುಮಾಸ್ತನಾದ ನನಗೆ ಹಸುವೆಂದರೆ ಬೆಳಗಿನ ಕಾಫಿ, ಅದರಾಚೆ ಏನೂ ಗೊತ್ತಿರಲಿಲ್ಲ. ಅಮ್ಮ ಹೃದಯಾಘಾತದಿಂದ ಇದ್ದಕ್ಕಿದ್ದಂತೆ ತೀರಿಕೊಂಡಳು. ಕೆಂಪಿ ಹತ್ತಿರ ಹೋದವರನ್ನೆಲ್ಲ ಒದ್ದಿತು. ಅರ್ಧಂಬರ್ಧ ಹಿಂಡಿ ಹಿಂಡಿ, ವೈಕುಂಠ ಸಮಾರಾಧನೆ ಮುಗಿಯುವ ಹೊತ್ತಿಗೆ ಅದರ ಕೆಚ್ಚಲು ಬಾತು ಕಲ್ಲಾಗಿತ್ತು.

ಬಸವನಗುಡಿಯಿಂದ ಬಂದ ಪಶುವೈದ್ಯೆ ಹಸುವನ್ನು ಮುಟ್ಟಲೇ ಇಲ್ಲ. ದೂರ ನಿಂತು ಅದರ ಕಿವಿ, ಕಣ್ಣು, ಬಾಲ ನೋಡಿದರು.

"ಕಾಲು ಕಟ್ಟಿ ಹಿಂಡ್ಬಹುದು ಸರ್. ಆದ್ರೆ ಹೆದರಿರೋ ಹಸು ಹಾಲು ಇಳಿಸಲ್ಲ. ಒಳಗಿರೋ ಕೆಟ್ಟ ಹಾಲು ಇವತ್ತು ಬರ್ಲಿಲ್ಲ ಅಂದ್ರೆ ಇದು ಉಳಿಯೋದು ಕಷ್ಟ. ಅಮ್ಮ ಉಟ್ಟಿದ್ದ ಸೀರೆ ಇದ್ಯಾ, ಒಗೀದೇ ಇರೋದು? ಸುತ್ಕೊಂಡು ಬನ್ನಿ. ವಾಸನೆಗೆ ಒಪ್ಕೊಂಡ್ರೂ ಒಪ್ಕೊಳ್ಬಹುದು."

ಅಮ್ಮನ ಕೈ ಪಳಗಿಸಿದ ಜೀವ ಅದೊಂದೇ ಉಳಿದಿತ್ತು. ಅದೂ ಹೋದರೆ ನಾನು ತಡೆದುಕೊಳ್ಳುವಂತಿರಲಿಲ್ಲ. ದಪ್ಪ ಮೀಸೆಯ ನಾನು ಅಮ್ಮನ ನೂಲಿನ ಸೀರೆ ಸುತ್ತಿಕೊಂಡು, ಪಕ್ಕದ ಮಹಡಿಯವರು ನೋಡುತ್ತಿದ್ದರೂ ಲೆಕ್ಕಿಸದೆ ಹೋಗಿ ಕುಳಿತೆ. ಕೆಂಪಿ ಮೂಸಿತು, ಒದ್ದಿತು. ಗೋಡೆಗೆ ಹೋಗಿ ಬಿದ್ದೆ. ಅಲ್ಲೇ ಸೆರಗನ್ನು ಮುಖಕ್ಕೆ ಒತ್ತಿಕೊಂಡು ಅತ್ತುಬಿಟ್ಟೆ. ಅಮ್ಮ ಹೋದ ಮೇಲೆ ನಾನು ಅತ್ತದ್ದು ಅದೇ ಮೊದಲು.

ಆಗ ಕೆಂಪಿ ಅಡುಗೆಮನೆಯ ಬಾಗಿಲ ಕಡೆ ಕತ್ತು ತಿರುಗಿಸಿತು. ಕಿವಿಗಳು ಮುಂದಕ್ಕೆ ಬಂದವು. ಅಮ್ಮನನ್ನು ಕಂಡಾಗ ಮಾತ್ರ ಹೊರಡಿಸುತ್ತಿದ್ದ ಸಣ್ಣ ದನಿ ಅದರ ಗಂಟಲಿನಿಂದ ಬಂತು. ಬಾಗಿಲಲ್ಲಿ ಯಾರೂ ಇರಲಿಲ್ಲ. ಅದರ ನೋಟ ಬಾಗಿಲು ಬಿಟ್ಟು, ಒಗೆಯುವ ಕಲ್ಲು ದಾಟಿ, ನಡೆದು ಬರುತ್ತಿರುವವರನ್ನೇ ನೋಡುವ ಹಾಗೆ ನಿಧಾನವಾಗಿ ಬಂದು ನನ್ನ ಭುಜದ ಪಕ್ಕ ನಿಂತಿತು. ಮೊಲೆಗಳಿಂದ ಹಾಲು ತಾನಾಗಿ ತೊಟ್ಟಿಕ್ಕತೊಡಗಿತು.

ವೈದ್ಯೆ ತಡಮಾಡದೆ ಕುಳಿತು ಹಿಂಡಿದರು. ಕೆಂಪಿ ಅಲುಗಲಿಲ್ಲ.

"ಹಸು ನಾಟಕ ಆಡಲ್ಲ ಸರ್," ಕೈ ತೊಳೆಯುತ್ತ ಅವರೆಂದರು. "ತನಗೆ ನಂಬಿಕೆ ಇರೋರು ಹತ್ರ ಬಂದಾಗ್ಲೇ ಹೀಗ್ಮಾಡೋದು. ಯಾರು ಬಂದ್ರು ಅಂತ ಮಾತ್ರ ನನ್ನ ಕೇಳ್ಬೇಡಿ."

ಕೆಂಪಿ ಉಳಿಯಿತು. ಮತ್ತೆಂದೂ ಆ ಬಾಗಿಲ ಕಡೆ ಹಾಗೆ ನೋಡಲಿಲ್ಲ. ಸೀರೆಯ ವಾಸನೆಯೋ, ನನ್ನ ಅಳುವೋ, ಇನ್ನೇನೋ, ಇಷ್ಟು ವರ್ಷವಾದರೂ ನನಗೆ ಬಗೆಹರಿದಿಲ್ಲ. ನನ್ನ ಸಂಕಟ ಬೇರೆ. ಅಮ್ಮ ಬಂದದ್ದು ನಿಜವಾದರೆ ನನ್ನ ಭುಜಕ್ಕೆ ತಾಗುವಷ್ಟು ಹತ್ತಿರ ನಿಂತಿದ್ದಳು. ಹಸುವಿಗೆ ಕಂಡಳು. ನಾನು ಅವತ್ತು ಎರಡು ಕೈಯನ್ನೂ ಚಾಚಿ ತಡಕಾಡಿದೆ, ಬರೀ ಗೋಡೆ ಸಿಕ್ಕಿತು.