ಒಂಬತ್ತು ದಿನದ ಕೂಲಿ

ಓದುವ ಎಲ್ಲರಿಗೂ ನಮಸ್ಕಾರ. ನಾನು ಅಕ್ಷರ ಕಲಿತದ್ದು ಮೀಸೆ ನರೆತ ಮೇಲೆ. ಒಂದೊಂದೇ ಕೀಲಿ ಹುಡುಕಿ ಟೈಪ್ ಮಾಡುತ್ತಿದ್ದೇನೆ. ಒತ್ತು, ದೀರ್ಘ ತಪ್ಪಿದ್ದರೆ ಮನ್ನಿಸಿ. ನಡೆದದ್ದಕ್ಕೆ ಮಾತ್ರ ನಾನು ಏನೂ ಸೇರಿಸಿಲ್ಲ.

ಐವತ್ತರ ದಶಕದ ಕೊನೆಯಲ್ಲಿ ನಾನು ರಸ್ತೆ ಗ್ಯಾಂಗಿನಲ್ಲಿದ್ದೆ. ತೆರಕಣಾಂಬಿಯಿಂದಾಚೆ, ಚಾಮರಾಜನಗರದ ರಸ್ತೆಗೆ ಜಲ್ಲಿ ಒಡೆಯುವ ಕೆಲಸ. ಏಳು ಜನ ಆಳು, ಒಬ್ಬೊಬ್ಬರಿಗೆ ಒಂದೊಂದು ಕಲ್ಲಿನ ಗುಡ್ಡೆ. ಸಂಜೆ ಮೇಸ್ತ್ರಿ ಹಾಜರಿ ಪುಸ್ತಕ ತಂದು ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಿದ್ದ. ಕಾಯಿಲೆ ಬಿದ್ದವನು ಡಾಕ್ಟರ ಚೀಟಿ ಕೊಟ್ಟರೆ ಅರ್ಧ ಕೂಲಿ ಸಿಗುತ್ತಿತ್ತು.

ಒಂದು ಮಾಗಿಯಲ್ಲಿ ನನಗೆ ಜ್ವರ ಹತ್ತಿ ಗುಂಡ್ಲುಪೇಟೆ ಆಸ್ಪತ್ರೆಯಲ್ಲಿ ಒಂಬತ್ತು ದಿನ ಮಲಗಿದ್ದೆ. ಅವ್ವ ಪಕ್ಕದಲ್ಲೇ ಇದ್ದಳು. ಎಚ್ಚರ ತಪ್ಪಿದಾಗಲೂ ನನ್ನ ಬಲಗೈ ಎದ್ದು ಬೀಳುತ್ತಿತ್ತಂತೆ, ಸುತ್ತಿಗೆ ಹಿಡಿದವನ ಹಾಗೆ. ಅವಳು ಅದುಮಿ ಹಿಡಿದರೂ ನಿಲ್ಲಲಿಲ್ಲವಂತೆ.

ವಾಸಿಯಾದ ಮೇಲೆ ಚೀಟಿ ಕೊಟ್ಟೆ. ಅರ್ಧ ಕೂಲಿ ಇಲ್ಲ ಎಂದು ವಾಪಸು ಬಂತು. ಆ ಒಂಬತ್ತು ದಿನವೂ ನಾನು ಕೆಲಸಕ್ಕೆ ಬಂದಿದ್ದೆನಂತೆ. ಪುಸ್ತಕದಲ್ಲಿ ಹೆಬ್ಬೆಟ್ಟಿದೆ, ಪೂರಾ ಕೂಲಿಯೇ ಬರಬೇಕಾಗಿದೆ, ಬಂದು ತೆಗೆದುಕೊಂಡು ಹೋಗು ಎಂದರು.

ಜೊತೆಯವರು ನಕ್ಕರು. ಪೂರಾ ಬರುವಾಗ ಅರ್ಧಕ್ಕೆ ಒದ್ದಾಡುವ ದಡ್ಡ ನಾನೊಬ್ಬನೇ ಅಂತೆ. ಅವ್ವ ನಗಲಿಲ್ಲ.

“ಆ ಕೂಲಿ ಮುಟ್ಬ್ಯಾಡ ಕಣ್ಲಾ ಮಗ. ದುಡ್ದೋನು ಕೇಳ್ಕೊಂಡು ಮನೆಗೆ ಬತ್ತಾನೆ.”

ನನಗೂ ಅದೇ ಭಯ. ನಾನು ಮಲಗಿದ್ದೆ ಎಂದು ಸರ್ಕಾರ ಒಪ್ಪದಿದ್ದರೆ, ಅಲ್ಲಿ ಹೆಬ್ಬೆಟ್ಟು ಒತ್ತಿದವನೇ ನಾನು ಎಂದಾಗಿಬಿಡುತ್ತದೆ. ಮೇಲಿನ ಕಚೇರಿಗೆ ಅರ್ಜಿ ಬರೆಸಿದೆ.

ವಿಚಾರಣೆಗೆ ಮೊದಲು ಜೊತೆಯವರನ್ನು ಒಬ್ಬೊಬ್ಬರಾಗಿ ಕೇಳಿದೆ. ಹೊಲದ ಕೆಲಸಕ್ಕೆ ಒಬ್ಬರಿಗೊಬ್ಬರು ಮುಯ್ಯಾಳು ಹೋಗುವ ಹಾಗೆ, ದಿನಕ್ಕೊಬ್ಬರು ನನ್ನ ಗುಡ್ಡೆ ಒಡೆದು ನನ್ನ ಹೆಸರು ಉಳಿಸೋಣ ಎಂದು ಆರೂ ಜನ ಮಾತಾಡಿಕೊಂಡಿದ್ದರಂತೆ. ಆದರೆ ಒಡೆದವರು ಯಾರೂ ಇಲ್ಲ. ಮೊದಲ ಸರದಿಯವನು ಹೇಳಿದ್ದು ಇಷ್ಟು:

“ನಾನ್ ಹೋಗಿದ್ದೆ ಕಣ್ಲಾ. ನಿನ್ ಗುಡ್ಡೆ ತಾವ ಕಂಬ್ಳಿ ಹೊದ್ಕೊಂಡು ಯಾರೋ ಕೂತಿದ್ರು. ನಮ್ಮೋರೇ ಯಾರೋ ಬಂದವ್ರೆ ಅನ್ಕೊಂಡು ತಿರುಗಿ ಬಂದ್ಬುಟ್ಟೆ.”

ಉಳಿದ ಐವರೂ ಹಾಗೇ ಅಂದುಕೊಂಡಿದ್ದರು. ಯಾರೂ ಕಂಬಳಿ ಸರಿಸಿ ಮುಖ ನೋಡಿರಲಿಲ್ಲ.

ಚಾಮರಾಜನಗರದ ಕಚೇರಿಯಲ್ಲಿ ಮೇಸ್ತ್ರಿಯನ್ನೂ ಕರೆಸಿದ್ದರು. ಅವನು ಸುಳ್ಳು ಹೇಳುವ ಮನುಷ್ಯನಲ್ಲ. ಸಾಹೇಬರ ಮುಂದೆ ಕೈಕಟ್ಟಿ ನಿಂತು, “ಕಂಬ್ಳಿ ಒಳಗಿಂದ ಕೈ ಬತ್ತಿತ್ತು ಸ್ವಾಮಿ, ಒತ್ತಿಸ್ಕೊತಿದ್ದೆ. ಕೈ ಕಾದ ಹಂಚಿನಂಗೆ ಸುಡ್ತಿತ್ತು. ಪಾಪ, ಜರ ಇನ್ನೂ ಬುಟ್ಟಿಲ್ಲ ಅನ್ಕೊಂಡೆ” ಎಂದ.

ಗುಮಾಸ್ತ ನನ್ನ ಹೆಬ್ಬೆಟ್ಟಿಗೆ ಮಸಿ ಹಚ್ಚಿ ಹೊಸ ಹಾಳೆಗೆ ಒತ್ತಿಸಿದ. ಭೂತಗನ್ನಡಿ ಹಿಡಿದು ಒಂಬತ್ತನ್ನೂ ಹೋಲಿಸಿದ.

“ನಿಂದೇ ಕಣಯ್ಯಾ. ಹೆಬ್ಬೆಟ್ಟಿನ ಗಾಯದ ಗೀರೂ ಅದೆ.”

ಡಾಕ್ಟರ ಚೀಟಿಯೂ ನಿಜವೇ. ಸಾಹೇಬರು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ಕೊನೆಗೆ, ಪೂರಾ ಕೂಲಿ ತಗೋ, ಇಲ್ಲವೆಂದರೆ ಎರಡೂ ಇಲ್ಲ ಎಂದರು. ಮನೆಯಲ್ಲಿ ರಾಗಿ ತಳ ಕಂಡಿತ್ತು. ಆದರೂ ನಾನು, “ಬ್ಯಾಡಿ ಸ್ವಾಮಿ, ಮಾಡ್ದೋನಿಗೆ ಕೊಡಿ” ಎಂದೆ. ಅರ್ಜಿ ವಜಾ ಆಯಿತು.

ಮುಂದಿನ ಬಟವಾಡೆಯ ದಿನ ಮೇಸ್ತ್ರಿ ನನ್ನನ್ನು ಗದರಿದ. ಬೇಡ ಬೇಡ ಎಂದು ನಾಟಕ ಆಡಿ, ಹಿಂದಿನ ದಿನವೇ ಬಂದು ಹೆಬ್ಬೆಟ್ಟು ಒತ್ತಿ ಕೂಲಿ ಎಣಿಸಿಕೊಂಡು ಹೋದೆಯಲ್ಲಾ ಎಂದ. ಹಿಂದಿನ ದಿನ ನಾನು ಬೇಗೂರಿನಲ್ಲಿ ನೆಂಟರ ಮನೆಯಲ್ಲಿದ್ದೆ. ಅದನ್ನು ಅವನಿಗೆ ಹೇಳಲಿಲ್ಲ.

ಅವ್ವನಿಗೆ ಹೇಳಿದೆ. ಅವಳು ಮುದ್ದೆ ತಿರುವುವುದನ್ನು ನಿಲ್ಲಿಸಿ ಬಾಗಿಲ ಕಡೆ ನೋಡಿದಳು.

“ಸದ್ಯ, ದುಡ್ದೋನ್ಗೇ ಸೇರ್ತು. ಇನ್ನು ಅವ ಬರಕಿಲ್ಲ ಬುಡು.”

ಬಂದಿಲ್ಲ. ನಿಮ್ಮಲ್ಲಿ ಯಾರಿಗಾದರೂ, ನೀವು ಮಲಗಿದ್ದಾಗ ನಿಮ್ಮ ಕೆಲಸವನ್ನು ಯಾರೋ ಮಾಡಿ ಹೋದದ್ದಿದ್ದರೆ ದಯವಿಟ್ಟು ಬರೆಯಿರಿ. ನಾನೊಬ್ಬನೇ ಅಲ್ಲ ಎಂದು ತಿಳಿದರೆ ಸಾಕು.