ಎಲ್ಲಾರಿಗೂ ಒಂದ ಟೇಬಲ್

ನಾನೂ ಹುಸೇನ್ ಕಾಕಾನೂ ಒಂದ ದೊಡ್ಡ ವಿದೇಶಿ ಸಂಸ್ಥಾದಾಗ ಡ್ರೈವರ್ರು. ಹೊರದೇಶದ ಆಫೀಸರ್‌ನ ಬಾದಾಮಿಗೆ ಕರ್ಕೊಂಡ ಹೋದ್ರ, ಹೋಟೆಲ್ಲಿನವರು ಅವರಿಗೆ ಎಸಿ ಹಾಲ್‌ನ್ಯಾಗ ಊಟಾ ಹಾಕ್ತಾರ. ಗಿರಾಕಿ ತಂದೇವಂತ ನಮಗ ಹಿತ್ತಲ ಬೆಂಚಿನ ಮ್ಯಾಲ ಬಿಸಿ ರೊಟ್ಟಿ, ಎಣ್ಣಿಗಾಯಿ, ಗಟ್ಟಿ ಮೊಸರು. ಕಾಲೇಜ್ ಬಿಟ್ಟ ಮ್ಯಾಲ ನಾ ಈ ಒಂದ ಕೆಲಸದಾಗ ಉಳದದ್ದು ಆ ಬೆಂಚಿನ ಸಲುವಾಗಿ.

ಸಂಸ್ಥಾದಾಗ ಸಮಾನತೆ ತರಾಕ ಬೆಂಗಳೂರಿಂದ ಒಬ್ಬ ಮೇಡಮ್ ಬಂದ್ರು. ಬಂದ ದಿನಾನ ನಮ್ಮ ಜೋಡಿ ಬಾದಾಮಿಗೆ ಬಂದು, ಹೋಟೆಲ್ಲಿನ ಹಿತ್ತಲಿಂದ ನಮ್ಮನ್ನ ಎಬ್ಬಿಸಿದ್ರು.

"ಇನ್ಮೇಲೆ ಎಲ್ಲರೂ ಒಂದೇ ಟೇಬಲ್. ಸಂಕೋಚ ಬೇಡ."

"ಸಂಕೋಚ ಅಲ್ರಿ ಮೇಡಮ್, ರೊಟ್ಟಿ ಆರ್ತಾವು," ಅಂದೆ.

ಮೇಡಮ್ಮಿಗೆ ನನ್ನ ಮ್ಯಾಲ ಭಾಳ ಮರುಕ ಬಂತು. "ಪಾಪ, ನಿಮ್ಮನ್ನ ಎಷ್ಟು ಹೆದರಿಸಿಟ್ಟಿದ್ದಾರೆ," ಅಂದ್ರು.

ಎಸಿ ಹಾಲ್‌ನ್ಯಾಗ ಹೊರದೇಶದವರ ಸಲುವಾಗಿ ಖಾರ ಇಲ್ಲದ ಕುದಿಸಿದ ಗಜ್ಜರಿ, ಬ್ರೆಡ್ಡು ಇಟ್ಟಿದ್ರು. ಕಾಕಾ ತಾಟ ನೋಡಿ ನನ್ನ ಕಿವ್ಯಾಗ ಕೇಳಿದ, "ಲೇ, ಇಲ್ಲಿ ಯಾರಿಗರೆ ಆರಾಮಿಲ್ಲೇನು?"

ನಮ್ಮ ಬೆಂಚ ವಾಪಸ್ ಸಿಗ್ಲಿ ಅಂತ ಮರುದಿನ ಮೇಡಮ್‌ನ ನಾನ ಹಿತ್ತಲಕ್ಕ ಕರ್ಕೊಂಡ ಹೋಗಿ ಕುಂಡ್ರಿಸಿದೆ. ಒಂದ ತುತ್ತು ತಿಂದ್ರು. ಇನ್ನೊಂದ ರೊಟ್ಟಿ ಹಾಕಿಸ್ಕೊಂಡ್ರು. ಆಮ್ಯಾಲ ಭಾಳ ಸಿಟ್ಟಿಲೆ, "ಇದು ತಾರತಮ್ಯ!" ಅಂದ್ರು. "ಇಷ್ಟು ದಿನ ಆಗಿರೋದು ನಮಗೆ!"

ಈಗ ಆಫೀಸರೆಲ್ಲಾ ಹಿತ್ತಲ ಬೆಂಚಿನ ಮ್ಯಾಲ ಕೂಡ್ತಾರ. ಅಲ್ಲಿ ಜಾಗಾ ಸಾಲೂದಿಲ್ಲಂತ ನಮ್ಮನ್ನ ಎಸಿ ಹಾಲಿಗೆ ಕಳಿಸ್ಯಾರ. ಕಾಕಾ ಗಜ್ಜರಿಗೆ ಮುಳ್ಳಿನ ಚಮಚಾ ಚುಚ್ಚಿ ದಿನಾ ಕೇಳ್ತಾನ, "ಬಂದದ್ದೇನೋ ಬಂತು. ಈ ಸಮಾನತೆ ವಾಪಸ್ ಹೋಗೂದು ಯಾವಾಗಪಾ?"